ಹತ್ತು ಲೀಟರ್ ಪ್ಯಾಶನ್ ಫ್ರೂಟ್ ವೈನಿಗೆ ಸಾಮಾನು: ಪೇಟೆಯಲ್ಲಿ ಕೊಳ್ಳುವುದೇನು, ಕೊರಿಯರ್‌ನಲ್ಲಿ ತರಿಸುವುದೇನು

ಇಪ್ಪತ್ತು ಲೀಟರಿನ ಖಾಲಿ ಬಕೆಟ್ ತಕ್ಕಡಿಯಲ್ಲಿ ಹೆಚ್ಚುಕಮ್ಮಿ ಒಂದು ಕೆಜಿ. ಕೊರಿಯರ್ ಲೆಕ್ಕದಲ್ಲಿ ಅದೇ ಬಕೆಟ್ ಎಂಟು ಕೆಜಿ. ಪೊಟ್ಟಣದ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ ಬಂದದ್ದನ್ನೇ ತೂಕವೆಂದು ಹಿಡಿಯುವುದು ಸಾಗಣೆಯವರ ರೂಢಿ. 32 × 32 × 40 ಅಂದರೆ 40,960, ಭಾಗಿಸಿದರೆ 8.2. ‘ಉಚಿತ ಸಾಗಣೆ’ ಎಂದು ಬರೆದಿದ್ದರೂ ಆ ಎಂಟು ಕೆಜಿಯ ದುಡ್ಡು ಬಕೆಟ್ಟಿನ ಬೆಲೆಯಲ್ಲೇ ಸೇರಿರುತ್ತದೆ. ಮಡಿಕೇರಿ, ಕುಶಾಲನಗರ, ವಿರಾಜಪೇಟೆ, ಗೋಣಿಕೊಪ್ಪದ ಯಾವ ಪಾತ್ರೆ ಅಂಗಡಿಯಲ್ಲೂ ಸಿಗುವ ವಸ್ತುವಿಗೆ ಆ ಖರ್ಚು ದಂಡ.

ಉಲ್ಟಾ ಕಥೆ ಈಸ್ಟಿನದು. ಐದು ಗ್ರಾಂ ಪೊಟ್ಟಣ ಲಕೋಟೆಯಲ್ಲಿ ಬರುತ್ತದೆ. ವೈನಿನ ಈಸ್ಟ್ ಕೇಳಿದರೆ ಪೇಟೆಯ ಬೇಕರಿ ಸಾಮಾನಿನವರು ಕೊಡುವುದು ಬ್ರೆಡ್ಡಿನ ಈಸ್ಟನ್ನೇ. ಈ ಸಲದ ಖರೀದಿ ನಡೆದದ್ದು ಒಂದೇ ಸೂತ್ರದ ಮೇಲೆ: ಕಣ್ಣು, ಮೂಗು, ಬೆರಳಿನಿಂದ ಪರೀಕ್ಷಿಸಬಹುದಾದದ್ದನ್ನು ಊರಲ್ಲೇ ಕೊಳ್ಳುವುದು, ಲೇಬಲ್ ನಂಬಿ ಮಾತ್ರ ಕೊಳ್ಳಬೇಕಾದದ್ದನ್ನು ಲೇಬಲ್ ಸರಿಯಿರುವ ಕಡೆಯಿಂದ ತರಿಸುವುದು.

ಕಾನೂನಿನ ಮಾತು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದೂ ಮಾರುವುದೂ ಅಪರಾಧ. ರಸ್ತೆ ಬದಿಯಲ್ಲಿ ‘ಹೋಂ ಮೇಡ್ ವೈನ್’ ಫಲಕ ನೇತಾಡುವುದು ಪರವಾನಗಿಯಲ್ಲ. ಕೋವಿಗೆ ಕೊಡಗಿನಲ್ಲಿ ವಿನಾಯಿತಿ ಇದೆಯೆಂದು ವೈನಿಗೂ ಇದೆ ಎಂದುಕೊಳ್ಳಬೇಡಿ. ಅಬಕಾರಿ ಕಚೇರಿಯಲ್ಲಿ ವಿಚಾರಿಸಿಕೊಂಡೇ ಕೈಹಾಕಿ. ಹಣ್ಣಿನ ವಿನೆಗರ್ ಮಾಡುವವರಿಗೂ ಮೊದಲ ಹಂತಕ್ಕೆ ಬೇಕಾಗುವುದು ಇದೇ ಸಾಮಾನು.

ಬಕೆಟ್

ತಳ ತಿರುಗಿಸಿ ನೋಡಿ. ತ್ರಿಕೋನದೊಳಗೆ 2 ಎಂದಿದ್ದರೆ ಎಚ್‌ಡಿಪಿಇ, 5 ಎಂದಿದ್ದರೆ ಪಾಲಿಪ್ರೊಪಿಲೀನ್. ಜೊತೆಗೆ ಲೋಟ ಮತ್ತು ಫೋರ್ಕಿನ ಗುರುತಿದ್ದರೆ ಆಹಾರಕ್ಕೆ ಆಗುತ್ತದೆ. ಪೇಂಟಿನ ಡಬ್ಬವೂ ಎಚ್‌ಡಿಪಿಇಯೇ ಇರಬಹುದು, ಅದು ಬೇಡ. ಉಪ್ಪಿನಕಾಯಿ ತುಂಬಿದ್ದ ಡ್ರಮ್ಮೂ ಬೇಡ: ಇಂಗು, ಸಾಸಿವೆಯ ವಾಸನೆ ಪ್ಲಾಸ್ಟಿಕ್ಕಿನೊಳಗೆ ಇಳಿದಿರುತ್ತದೆ, ಎಷ್ಟು ಸೋಪು ಹಾಕಿದರೂ ಹೋಗದು. ಅಂಗಡಿಯಲ್ಲೇ ಮುಚ್ಚಳ ಬಿಗಿದು, ಒಂದು ನಿಮಿಷ ಬಿಟ್ಟು, ತೆರೆದು ಮೂಗು ಇಡಿ. ಈ ಪರೀಕ್ಷೆಗೆ ಆನ್‌ಲೈನ್‌ನಲ್ಲಿ ಅವಕಾಶವಿಲ್ಲ.

ಮನೆಯ ಹಳೆಯ ಭರಣಿಯ ಮೇಲೆ ಎಲ್ಲರಿಗೂ ಮಮತೆ. ಮೆರುಗು ಬಿರುಕುಬಿಟ್ಟಿದ್ದರೆ, ಒಳಗೆ ಬಣ್ಣದ ಮೆರುಗಿದ್ದರೆ ಬಿಡಿ. ಹಳೆಯ ಮೆರುಗಿನಲ್ಲಿ ಸೀಸ ಇರಬಹುದು, ಹುಳಿ ರಸ ತಿಂಗಳುಗಟ್ಟಲೆ ನಿಂತರೆ ಅದು ಬಿಡಿಸಿಕೊಂಡು ಬರುತ್ತದೆ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಕೂಡದು. ಸ್ಟೀಲ್ ಆದರೆ 304 ದರ್ಜೆಯದು. ಅಯಸ್ಕಾಂತ ಹಿಡಿದು ನೋಡಿ ತೀರ್ಮಾನಿಸುವವರಿದ್ದಾರೆ, ಆದರೆ ಅಗ್ಗದ 202 ಕೂಡ ಅಯಸ್ಕಾಂತಕ್ಕೆ ಅಂಟುವುದಿಲ್ಲ.

ಹತ್ತು ಲೀಟರ್ ರಸಕ್ಕೆ ಇಪ್ಪತ್ತು ಲೀಟರ್ ಬಕೆಟ್ ಅತಿಯಾಯಿತು ಅನ್ನಿಸಬಹುದು. ಮೊದಲ ನಾಲ್ಕೈದು ದಿನ ನೊರೆ ಏರುವಾಗ ಆ ಜಾಗ ಬೇಕೇ ಬೇಕು. ಹುದುಗು ಮುಗಿದ ಮೇಲಿನ ಎರಡನೇ ಹಂತಕ್ಕೆ ಮಾತ್ರ ಕಂಠದವರೆಗೆ ತುಂಬುವ ಪಾತ್ರೆ ಇರಲಿ: ಒಂದು 5 ಲೀಟರ್ ಗಾಜಿನ ಜಾಡಿ, 2 ಲೀಟರಿನ ಎರಡು ಸೋಡಾ ಬಾಟಲಿ. ಹತ್ತರಲ್ಲಿ ಒಂದು ಲೀಟರ್ ತಳದಲ್ಲಿ ಕೂರುವ ಗಷ್ಟಿಗೆ ಹೋಗುವುದರಿಂದ ಈ ಒಂಬತ್ತು ಲೀಟರ್ ಸರಿಹೋಗುತ್ತದೆ. ಗಾಜನ್ನು ಕೊರಿಯರ್‌ನಲ್ಲಿ ತರಿಸುವ ಸಾಹಸ ಬೇಡ. ಘಾಟಿ ರಸ್ತೆಗಳಲ್ಲಿ ಹಾದು ಬರುವ ಪೆಟ್ಟಿಗೆ ಅದು.

ಮುಚ್ಚಳ ಕೊರೆಯುವುದು

ಒಳಗಿನ ಅನಿಲ ಹೊರಬಿಟ್ಟು ಹೊರಗಿನ ಗಾಳಿ ಒಳಬಿಡದ ಏರ್‌ಲಾಕ್ ಆನ್‌ಲೈನ್‌ನದು. ಮೂರು ತುಂಡಿನದನ್ನೇ ತರಿಸಿ, ಬಿಚ್ಚಿ ತೊಳೆಯಬಹುದು. ಎಸ್ ಆಕಾರದ್ದರ ತಿರುವಿನಲ್ಲಿ ನೊರೆ ಹೊಕ್ಕು ಒಣಗಿದರೆ ತೆಗೆಯುವುದು ಕಷ್ಟ. ಒಂದಕ್ಕೂ ಮೂರಕ್ಕೂ ಸಾಗಣೆ ವೆಚ್ಚ ಹೆಚ್ಚು ಬದಲಾಗದು, ಮೂರು ತರಿಸಿ. ಅದನ್ನು ಮುಚ್ಚಳದ ತೂತಿನಲ್ಲಿ ಬಿಗಿಯಾಗಿ ಕೂರಿಸುವ ರಬ್ಬರ್ ಬಳೆ, ಅಂದರೆ ಗ್ರೊಮೆಟ್, ಜೊತೆಗೆ ಬರುತ್ತದೆಯೇ ಎಂದು ಓದಿಕೊಳ್ಳಿ. ಹೆಚ್ಚಿನ ಕಡೆ ಬೇರೆ ಮಾರುತ್ತಾರೆ, ಅದು ತಿಳಿಯುವುದು ಪೊಟ್ಟಣ ಒಡೆದ ಮೇಲೆ.

ಗ್ರೊಮೆಟ್ ಕೂರಲು ಅರ್ಧ ಇಂಚಿನ ತೂತು. ಮುಚ್ಚಳದ ಕೆಳಗೆ ಮರದ ತುಂಡು ಕೊಟ್ಟು, ಮೊದಲು 4 ಮಿ.ಮೀ. ಬಿಟ್‌ನಲ್ಲಿ ದಾರಿ ಮಾಡಿ, ಆಮೇಲೆ ಮೆಟ್ಟಿಲು ಬಿಟ್‌ನಲ್ಲಿ ನಿಧಾನವಾಗಿ ಹಿಗ್ಗಿಸುವುದು. ಮರಕ್ಕೆ ಬಳಸುವ ಚಪ್ಪಟೆ ಬಿಟ್‌ನಲ್ಲಿ ಮೊದಲ ಮುಚ್ಚಳ ಹಾಳಾಯಿತು: ಅಂಚಿಗೆ ಕಚ್ಚಿದ ಕೂಡಲೇ ಪ್ಲಾಸ್ಟಿಕ್ ಸುತ್ತಿಕೊಂಡು ಎರಡು ಸೆಂಟಿಮೀಟರ್ ಸೀಳು ಬಿಟ್ಟಿತು. ಕಾದ ಸರಳಿನಲ್ಲಿ ಸುಡುವ ಉಪಾಯವೂ ಕೆಲಸಕ್ಕೆ ಬಾರದು. ತೂತು ಮೊಟ್ಟೆಯಾಕಾರವಾಗುತ್ತದೆ, ಅಂಚು ಉಬ್ಬುತ್ತದೆ, ಗ್ರೊಮೆಟ್ ಎಷ್ಟು ಒತ್ತಿದರೂ ಗಾಳಿ ಸೋರುತ್ತದೆ. ಅಂಚಿನ ಪುರುಕಲನ್ನು ಬ್ಲೇಡಿನಿಂದ ಕೆರೆದು, ಗ್ರೊಮೆಟ್ ಒದ್ದೆ ಮಾಡಿ ಕೂರಿಸಿ, ಏರ್‌ಲಾಕಿನ ಕೊಳವೆಯನ್ನೂ ಒದ್ದೆ ಮಾಡಿ ತಿರುಗಿಸುತ್ತ ಇಳಿಸುವುದು. ನೇರ ಒತ್ತಿದರೆ ಗ್ರೊಮೆಟ್ ಬಕೆಟ್ಟಿನೊಳಗೆ ಬೀಳುತ್ತದೆ.

ಪರೀಕ್ಷೆ: ಏರ್‌ಲಾಕಿಗೆ ಗೆರೆವರೆಗೆ ನೀರು ಹಾಕಿ, ಮುಚ್ಚಳ ಬಿಗಿದು, ಮೇಲೆ ಅಂಗೈಯಿಂದ ಮೆಲ್ಲಗೆ ಒತ್ತಿ ಹಿಡಿಯಿರಿ. ಒಳಗಿನ ಟೋಪಿ ಎದ್ದು, ಕೈ ತೆಗೆಯುವವರೆಗೂ ಹಾಗೇ ನಿಂತರೆ ಸರಿ. ಕೂಡಲೇ ಇಳಿದರೆ ಮುಚ್ಚಳದ ಸುತ್ತ ಸೋಪಿನ ನೀರು ಸವರಿ ಗುಳ್ಳೆ ಎಲ್ಲಿ ಏಳುತ್ತದೆ ನೋಡಿ. ಈ ಬಕೆಟ್ಟಿನಲ್ಲಿ ಗುಳ್ಳೆ ಎದ್ದದ್ದು ಹಿಡಿಯ ಹತ್ತಿರ, ಮುಚ್ಚಳದ ಅಚ್ಚಿನ ಗೆರೆ ಉಳಿದಿದ್ದ ಜಾಗದಲ್ಲಿ. ಗೆರೆಯನ್ನು ಕೆರೆದು ಸಮ ಮಾಡಿದ ಮೇಲೆ ನಿಂತಿತು.

ಏರ್‌ಲಾಕ್ ಬರುವುದು ತಡವಾದರೆ ಅಕ್ವೇರಿಯಂ ಅಂಗಡಿಯ ಸಿಲಿಕಾನ್ ಕೊಳವೆ ಸಾಕು. ಹೊರ ಅಳತೆ 6 ಮಿ.ಮೀ. ಇದ್ದರೆ 5.5 ಮಿ.ಮೀ. ತೂತು, ಇನ್ನೊಂದು ತುದಿ ನೀರಿನ ಬಾಟಲಿಯೊಳಗೆ. ಮುಚ್ಚಳವನ್ನು ಪೂರ್ತಿ ಬಿಗಿದು ಕೂರುವುದಂತೂ ಅಪಾಯ. ಈ ಬಕೆಟ್ಟಿನ 2.2 ಕೆಜಿ ಸಕ್ಕರೆ ಪೂರ್ತಿ ಹುದುಗಿದರೆ ಒಂದು ಕೆಜಿಗೂ ಮಿಕ್ಕಿ ಇಂಗಾಲದ ಡೈಆಕ್ಸೈಡ್ ಏಳುತ್ತದೆ, ಅಂದರೆ 500 ಲೀಟರಿಗೂ ಹೆಚ್ಚು ಅನಿಲ. ಅದಕ್ಕೆ ದಾರಿ ಬೇಕು.

ಕೊಳವೆಯ ಮಾತು ಬಂದದ್ದಕ್ಕೆ: ಗಷ್ಟು ಬಿಟ್ಟು ವೈನನ್ನು ಬೇರೆ ಪಾತ್ರೆಗೆ ಇಳಿಸಲು ಹಾರ್ಡ್‌ವೇರ್ ಅಂಗಡಿಯ ಲೆವೆಲ್ ಪೈಪ್ ಬಳಸಬೇಡಿ. ಗಾರೆ ಕೆಲಸಕ್ಕೆ ಒಳ್ಳೆಯದು. ವೈನ್ ಅದರ ಪ್ಲಾಸ್ಟಿಕ್ ವಾಸನೆ ಹೀರಿಕೊಳ್ಳುತ್ತದೆ. ಒಳ ಅಳತೆ 8 ಮಿ.ಮೀ. ಇರುವ ಆಹಾರ ದರ್ಜೆಯ ಸಿಲಿಕಾನ್ ಕೊಳವೆ ಎರಡು ಮೀಟರ್, ಇದೂ ಆನ್‌ಲೈನ್. ಬಕೆಟ್ಟಿನ ತಳಕ್ಕೆ ನಲ್ಲಿ ಕೂರಿಸುವ ಆಸೆ ಬಿಡಿ, ಗಷ್ಟು ಅಲ್ಲೇ ಕಟ್ಟಿಕೊಳ್ಳುತ್ತದೆ.

ಈಸ್ಟ್

ತರಿಸಿದ್ದು ಲಾಲ್ವಿನ್ ಇಸಿ-1118. ಕಾರಣ ಎರಡು. ತಯಾರಕರು ಹೇಳುವ ಉಷ್ಣಾಂಶದ ವ್ಯಾಪ್ತಿ 10ರಿಂದ 30 ಡಿಗ್ರಿ. ಮಡಿಕೇರಿಯ ಚಳಿಗಾಲದ ರಾತ್ರಿಯೂ ಗೋಣಿಕೊಪ್ಪದ ಏಪ್ರಿಲ್ ಮಧ್ಯಾಹ್ನವೂ ಹೆಚ್ಚುಕಮ್ಮಿ ಅದರೊಳಗೇ ಬರುತ್ತವೆ. ಜೊತೆಗೆ ಗಷ್ಟು ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ. ಬ್ರೆಡ್ಡಿನ ಈಸ್ಟ್‌ನಲ್ಲೂ ವೈನ್ ಆಗುತ್ತದೆ, ಆಗುವುದಿಲ್ಲ ಎನ್ನುವಂತಿಲ್ಲ. ಆದರೆ ಆಲ್ಕೋಹಾಲ್ ಏರುತ್ತಿದ್ದಂತೆ ಎಲ್ಲಿ ಕೈಚೆಲ್ಲುತ್ತದೆ ಎನ್ನುವುದು ಪೊಟ್ಟಣದಿಂದ ಪೊಟ್ಟಣಕ್ಕೆ ಬೇರೆ, ಗಷ್ಟು ಮೋಡದ ಹಾಗೆ ತೇಲುತ್ತದೆ, ಇಳಿಸುವಾಗ ಅರ್ಧ ಮೇಲೆ ಬರುತ್ತದೆ.

ಕೊಳ್ಳುವಾಗ ಮೂರು ವಿಷಯ ನೋಡಿ. ತಯಾರಕರ ಮೂಲ ಪೊಟ್ಟಣವೇ ಆಗಿರಬೇಕು. ದೊಡ್ಡ ಚೀಲ ಒಡೆದು ಜಿಪ್ ಕವರಿಗೆ ತುಂಬಿದ್ದಕ್ಕೆ ಬ್ಯಾಚ್ ಸಂಖ್ಯೆ ಇರುವುದಿಲ್ಲ, ಗಾಳಿ ತೇವ ಎಷ್ಟು ಹೊಕ್ಕಿದೆ ಗೊತ್ತಾಗದು. ಮುಗಿಯುವ ದಿನಾಂಕಕ್ಕೆ ಕಡಿಮೆಯೆಂದರೆ ಆರು ತಿಂಗಳು ಬಾಕಿಯಿರಲಿ. ಇನ್ನು ಆರ್ಡರ್ ಹಾಕುವ ವಾರ. ಕೊಡಗಿಗೆ ರೈಲಿಲ್ಲ, ಎಲ್ಲವೂ ರಸ್ತೆಯಲ್ಲೇ ಬರಬೇಕು. ಶುಕ್ರವಾರ ಹೊರಟ ಪೊಟ್ಟಣ ಭಾನುವಾರ ಯಾವುದೋ ತಗಡಿನ ಗೋದಾಮಿನಲ್ಲಿ ಕಾಯುತ್ತದೆ. ಒಣ ಈಸ್ಟ್ ಕೆಲವು ದಿನದ ಸೆಕೆ ತಾಳುತ್ತದೆ, ವಾರಗಟ್ಟಲೆ ತಾಳದು. ಸೋಮವಾರ ರವಾನೆಯಾಗುವಂತೆ ಹಾಕಿ, ಬಂದ ಕೂಡಲೇ ಫ್ರಿಜ್ಜಿಗೆ. ತೋಟದೊಳಗಿನ ಮನೆಗಳಿಗೆ ಕೊರಿಯರ್‌ನವರು ಬಾರದಿದ್ದರೆ ಪೇಟೆಯ ಪರಿಚಯದ ಅಂಗಡಿಯ ವಿಳಾಸ ಕೊಡುವುದು ರೂಢಿ. ಅಲ್ಲಿ ಅದನ್ನು ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿ ಇಡಬೇಡಿ ಎಂದು ಹೇಳಿಡಿ.

ಜೀವ ಇದೆಯೋ ಇಲ್ಲವೋ ನೋಡಲು: 50 ಮಿ.ಲೀ. ನೀರು, 38ರಿಂದ 40 ಡಿಗ್ರಿ, ಮೇಲೆ ಈಸ್ಟ್ ಉದುರಿಸಿ 15 ನಿಮಿಷ. ಇದಕ್ಕೆ ಬೇರೆ ಥರ್ಮಾಮೀಟರ್ ಬೇಡ, ಜ್ವರ ನೋಡುವುದೇ ಸಾಕು, ಅದರ ಅಳತೆ ಇರುವುದೇ ಆ ಆಸುಪಾಸಿನಲ್ಲಿ. ಒಂದು ಚಿಟಿಕೆ ಸಕ್ಕರೆ ಹಾಕಿ ಇನ್ನೊಂದು ಹತ್ತು ನಿಮಿಷ ಬಿಟ್ಟರೆ ಕೆನೆಯಂಥ ನೊರೆ ಕಟ್ಟಬೇಕು. ತಳದಲ್ಲಿ ಮರಳಿನ ಹಾಗೆ ಕೂತೇ ಇದ್ದರೆ ಬೇರೆ ಪೊಟ್ಟಣ ಒಡೆಯಿರಿ. ಎರಡು ತರಿಸುವುದು ಅದಕ್ಕೇ.

ಈಸ್ಟ್‌ನ ಆಹಾರವಾಗಿ ಡಿಎಪಿ (ಡೈಅಮೋನಿಯಂ ಫಾಸ್ಫೇಟ್) ಬೇಕು. ಇಲ್ಲಿ ಒಂದು ಎಚ್ಚರಿಕೆ: ಕಾಫಿ ತೋಟದ ಪ್ರತಿ ಗೋದಾಮಿನಲ್ಲೂ ಡಿಎಪಿ ಮೂಟೆ ಇರುತ್ತದೆ, ಹೆಸರೂ ಅದೇ. ಆದರೆ ಅದು ಗೊಬ್ಬರದ ದರ್ಜೆ, 18-46-0; ಅದರಲ್ಲಿ ಭಾರಲೋಹದ ಕಲ್ಮಶ ಇರುತ್ತದೆ, ಬಾಯಿಗೆ ಹೋಗುವುದಕ್ಕೆ ಮಾಡಿದ್ದಲ್ಲ. ಆಹಾರ ದರ್ಜೆಯದು 50 ಗ್ರಾಂ ತರಿಸಿದರೆ ಹತ್ತು ಸಲಕ್ಕಾಗುತ್ತದೆ. ಸಿಗದಿದ್ದರೆ 10 ಗ್ರಾಂ ಬ್ರೆಡ್ ಈಸ್ಟನ್ನು ನೀರಿನಲ್ಲಿ ಹತ್ತು ನಿಮಿಷ ಕುದಿಸಿ ಹಾಕಿ. ಸತ್ತ ಈಸ್ಟ್ ಜೀವಂತ ಈಸ್ಟಿಗೆ ಊಟ. ಹಿಡಿ ಗೋಧಿ ಹಾಕುವ ಹಳೆಯ ಪದ್ಧತಿ ಈ ಕೆಲಸ ಮಾಡುವುದಿಲ್ಲ. ವೈನಿನ ಈಸ್ಟಿಗೆ ಪಿಷ್ಟ ಒಡೆಯಲು ಬಾರದು, ಗೋಧಿ ರಸವನ್ನು ಕದಡುತ್ತದೆ ಅಷ್ಟೆ.

ಕೆಎಂಎಸ್: ಎಲ್ಲರೂ ಎಡವುವ ಕಡೆ

ಪೊಟ್ಯಾಷಿಯಂ ಮೆಟಾಬೈಸಲ್ಫೈಟ್, ರಸದಲ್ಲಿ ಬೇಡದ ಸೂಕ್ಷ್ಮಜೀವಿಗಳನ್ನು ತಡೆಯುವ ಪುಡಿ, ಡಬ್ಬಿಯ ಮೇಲಿನ ಆಹಾರ ಸೇರ್ಪಡೆಯ ಸಂಖ್ಯೆ ಐಎನ್‌ಎಸ್ 224. ಸ್ಕ್ವಾಷ್ ಮಾಡುವವರಿಗೆ ಪರಿಚಯದ್ದೇ, ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಆದರೆ ‘ಪ್ರಿಸರ್ವೇಟಿವ್ ಕೊಡಿ’ ಎಂದು ಕೇಳಿದರೆ ಕೈಗೆ ಬರುವುದು ಸೋಡಿಯಂ ಬೆಂಜೊಯೇಟ್ ಆಗಿರಬಹುದು. ಅದು ಐಎನ್‌ಎಸ್ 211. ಎರಡೂ ಬಿಳಿ ಪುಡಿ, ಎರಡೂ ಚಿಕ್ಕ ಡಬ್ಬಿ. ಕೆಎಂಎಸ್‌ನ ಗಂಧಕದ ಅನಿಲ ಒಂದು ದಿನದಲ್ಲಿ ಬಹುಪಾಲು ಹಾರಿಯೋ ರಸದಲ್ಲಿ ಬೆರೆತೋ ಹೋಗುತ್ತದೆ, ಆಮೇಲೆ ಈಸ್ಟ್ ಹಾಕಬಹುದು. ಬೆಂಜೊಯೇಟ್ ಹೋಗುವುದಿಲ್ಲ. ಹುಳಿ ರಸದಲ್ಲಿ ಅದರ ಕೆಲಸವೇ ಈಸ್ಟ್ ತಡೆಯುವುದು. ಎಷ್ಟು ಪೊಟ್ಟಣ ಸುರಿದರೂ ಹುದುಗು ಏಳದು. ಪೇಟೆಯಲ್ಲಿ ಸಿಗುವ ಪ್ಯಾಶನ್ ಫ್ರೂಟ್ ಸ್ಕ್ವಾಷ್‌ನಿಂದ ವೈನ್ ಹಾಕಲು ಹೋಗಿ ಸೋಲುವುದಕ್ಕೂ ಇದು ಕಾರಣವಾಗಿರಬಹುದು. ಹೆಸರು ಹೇಳಿ ಕೇಳಿ, ಸಂಖ್ಯೆ ಓದಿ ಕೊಳ್ಳಿ.

ಡಬ್ಬಿ ತೆರೆದಾಗ ಮೂಗಿಗೆ ಬೆಂಕಿಕಡ್ಡಿ ಗೀರಿದ ವಾಸನೆ ಚುರುಕ್ಕೆನ್ನಬೇಕು. ಗಂಟುಗಟ್ಟಿ, ವಾಸನೆಯಿಲ್ಲದೆ ಇದ್ದರೆ ಮಳೆಗಾಲದ ತೇವಕ್ಕೆ ಸತ್ವ ಹೋಗಿದೆ. ಹಾಗಾಗಿ ಇದನ್ನು ಪೇಟೆಯಲ್ಲೇ, ಮಳೆ ಹಿಡಿಯುವ ಮೊದಲೇ ಕೊಳ್ಳಿ. ಆಸ್ತಮಾ ಇರುವವರು ಈ ವಾಸನೆ ನೋಡುವ ಕೆಲಸ ಬೇರೆಯವರಿಗೆ ಬಿಡಿ.

ಪ್ರಮಾಣ ಹತ್ತು ಲೀಟರಿಗೆ ಒಂದು ಗ್ರಾಂ. ಅಡುಗೆಮನೆಯ ತಕ್ಕಡಿ ಒಂದು ಗ್ರಾಂ ನಂಬುವಂತೆ ತೋರಿಸದು. 10 ಗ್ರಾಂ ಪುಡಿಗೆ ನೀರು ಸೇರಿಸಿ ಒಟ್ಟು 100 ಮಿ.ಲೀ. ಮಾಡಿ, ಮೆಡಿಕಲ್ ಶಾಪಿನ 10 ಮಿ.ಲೀ. ಸಿರಿಂಜಿನಲ್ಲಿ ಒಂದು ತುಂಬು ಎಳೆದರೆ ಅದರಲ್ಲಿ ಒಂದು ಗ್ರಾಂ. ಅಂದಂದಿನ ದ್ರಾವಣ ಅಂದೇ. ಪಾತ್ರೆ ತೊಳೆಯಲು ಬೇರೆ: ಲೀಟರ್ ನೀರಿಗೆ 3 ಗ್ರಾಂ ಕೆಎಂಎಸ್, 3 ಗ್ರಾಂ ಸಿಟ್ರಿಕ್ ಆಸಿಡ್, ಹತ್ತು ನಿಮಿಷ, ಕಿಟಕಿ ತೆರೆದಿರಲಿ. ಸಿಟ್ರಿಕ್ ಆಸಿಡ್, ಸಕ್ಕರೆ, ಮಲ್ ಬಟ್ಟೆ, ಹಣ್ಣು ಎಲ್ಲ ಸಂತೆಯಲ್ಲೇ.

ಹೈಡ್ರೋಮೀಟರ್

ರಸ ನೀರಿಗಿಂತ ಎಷ್ಟು ಪಟ್ಟು ಭಾರವೆಂದು ತೇಲಿ ತೋರಿಸುವ ಗಾಜಿನ ಕೊಳವೆ ಇದು. ನೀರು 1.000, ಸಕ್ಕರೆ ಹೆಚ್ಚಿದಷ್ಟೂ ಅಂಕಿ ಏರುತ್ತದೆ, ಹುದುಗಿದಷ್ಟೂ ಇಳಿಯುತ್ತದೆ. ಡೈರಿಯವರ ಲ್ಯಾಕ್ಟೋಮೀಟರ್ ಸುಲಭವಾಗಿ ಸಿಗುತ್ತದೆಂದು ತರಬೇಡಿ. ಅದರ ಅಳತೆ ಹಾಲಿನದು, 1.030ರ ಆಸುಪಾಸು, 1.085ರ ರಸದಲ್ಲಿ ಗೆರೆಗಳೆಲ್ಲ ನೀರಿನ ಮೇಲೆ ನಿಲ್ಲುತ್ತವೆ, ಕೊನೆಯ 0.998ಕ್ಕೆ ಮುಳುಗಿಯೇ ಬಿಡುತ್ತದೆ. ಕಾಫಿ ಹಣ್ಣಿನ ಸಿಹಿ ನೋಡಲು ಕೆಲವು ತೋಟಗಳಲ್ಲಿ ರಿಫ್ರಾಕ್ಟೋಮೀಟರ್ ಇರುತ್ತದೆ. ಈಸ್ಟ್ ಹಾಕುವ ಮೊದಲಿನ ಅಳತೆಗೆ ಅದು ಚೆನ್ನಾಗಿಯೇ ಆಗುತ್ತದೆ, ಆಲ್ಕೋಹಾಲ್ ಸೇರಿದ ಮೇಲೆ ಸುಳ್ಳು ಹೇಳುತ್ತದೆ.

0.990ರಿಂದ 1.100ರವರೆಗಾದರೂ ಇರುವ ಹೈಡ್ರೋಮೀಟರ್ ಆನ್‌ಲೈನ್‌ನಲ್ಲೋ ಮೈಸೂರಿನ ಲ್ಯಾಬ್ ಸಾಮಾನಿನ ಅಂಗಡಿಯಲ್ಲೋ ಸಿಗುತ್ತದೆ. ಮೈಸೂರಿಗೆ ಬೇರೆ ಕೆಲಸಕ್ಕೆ ಹೋಗುವುದಿದ್ದರೆ ಅಲ್ಲೇ ಕೊಳ್ಳಿ. ಕೊರಿಯರ್‌ನಲ್ಲಿ ಬಂದದ್ದು ಒಡೆದಿಲ್ಲವೆಂದು ನಿಟ್ಟುಸಿರು ಬಿಟ್ಟರೆ ಸಾಲದು, ಒಳಗಿನ ಕಾಗದದ ಸ್ಕೇಲ್ ಜಾರಿರಬಹುದು. ಈ ಸಲ ಬಂದದ್ದು 20 ಡಿಗ್ರಿಯ ಬರಿ ನೀರಿನಲ್ಲಿ 1.000 ತೋರಿಸುವ ಬದಲು 1.004 ತೋರಿಸಿತು. ಎರಡನೇ ಪರೀಕ್ಷೆ 20 ಗ್ರಾಂ ಸಕ್ಕರೆಗೆ 80 ಗ್ರಾಂ ನೀರಿನ ಅನುಪಾತದ ಪಾನಕ: 1.083 ಬರಬೇಕು, ಬಂದದ್ದು 1.087. ಎರಡೂ ಕಡೆ ನಾಲ್ಕೇ ವ್ಯತ್ಯಾಸ, ಅಂದರೆ ಸ್ಕೇಲ್ ಜಾರಿದೆ, ಕೆಟ್ಟಿಲ್ಲ. ನಾಲ್ಕು ಕಳೆದು ಓದಿದರೆ ಮುಗಿಯಿತು. ವ್ಯತ್ಯಾಸ ಒಂದೊಂದು ಕಡೆ ಒಂದೊಂದು ಬಂದಿದ್ದರೆ ವಾಪಸ್ ಕಳಿಸಬೇಕಿತ್ತು. ಈ ಪರೀಕ್ಷೆಯನ್ನು ವಾಪಸಾತಿಯ ಗಡುವಿನೊಳಗೆ ಮಾಡಿ, ವೈನ್ ಹಾಕುವ ದಿನದವರೆಗೆ ಕಾಯಬೇಡಿ. ಕೆಳಗಿನ ಅಳತೆಗಳೆಲ್ಲ ತಿದ್ದಿದವು.

ಹಾಕಿದ ದಾಖಲೆ

ದಿನ 0. ಹಣ್ಣು 5 ಕೆಜಿ, ಸೋಸಿದ ರಸ 1.5 ಲೀಟರ್. ಬೀಜ ಒಡೆಯದ ಹಾಗೆ ಮಲ್ ಬಟ್ಟೆಯಲ್ಲಿ ಹಿಂಡುವುದು. ಮಿಕ್ಸಿಗೆ ಹಾಕಿದರೆ ಕಹಿ. ಸಕ್ಕರೆ 2 ಕೆಜಿ, ಹಣ್ಣಿನದು ಸುಮಾರು 200 ಗ್ರಾಂ. ಬಾವಿ ನೀರು ಕುದಿಸಿ ಆರಿಸಿದ್ದು 7.25 ಲೀಟರ್, ಎರಡು ಕೆಜಿ ಸಕ್ಕರೆ ಕರಗಿ ತಾನೇ 1.25 ಲೀಟರ್ ಜಾಗ ತಿನ್ನುತ್ತದೆ, ಹತ್ತು ಲೀಟರ್ ನೀರು ಹೊಯ್ದು ಆಮೇಲೆ ಸಕ್ಕರೆ ಹಾಕಿದರೆ ತೆಳುವಾಗುತ್ತದೆ. ಅಳತೆ 1.085. ಪಿಎಚ್ 3.3, ಈ ಹಣ್ಣಿಗೆ ಹುಳಿ ಸೇರಿಸುವ ಅಗತ್ಯವೇ ಇಲ್ಲ. ಕೆಎಂಎಸ್ 1 ಗ್ರಾಂ. ಮುಚ್ಚಳ ಸಡಿಲ, ಮೇಲೆ ಬಟ್ಟೆ.

ದಿನ 1. ಈಸ್ಟ್ 5 ಗ್ರಾಂ ನೆನೆಸಿ, ಎರಡು ಚಮಚ ರಸ ಬೆರೆಸಿ ಐದು ನಿಮಿಷಕ್ಕೊಮ್ಮೆ ತಣಿಸಿಕೊಂಡು ಹಾಕಿದ್ದು. ರಸ 22 ಡಿಗ್ರಿ. 40 ಡಿಗ್ರಿಯ ಈಸ್ಟನ್ನು ನೇರ 22ಕ್ಕೆ ಸುರಿದರೆ ಆಘಾತಕ್ಕೆ ಒಂದು ಪಾಲು ಸಾಯುತ್ತದೆ.

ದಿನ 2. 1.079. ಡಿಎಪಿ 2.5 ಗ್ರಾಂ ನೀರಿನಲ್ಲಿ ಕರಗಿಸಿ. ಪುಡಿಯಾಗೇ ಉದುರಿಸಿದರೆ ನೊರೆ ಬಕೆಟ್ ದಾಟಿ ನೆಲಕ್ಕೆ ಬರುತ್ತದೆ.

ದಿನ 4. 1.057, ಸಕ್ಕರೆಯ ಮೂರನೇ ಒಂದು ಪಾಲು ಮುಗಿದಿದೆ. ಉಳಿದ 2.5 ಗ್ರಾಂ. ಇದರ ನಂತರ ಡಿಎಪಿ ಹಾಕುವುದಿಲ್ಲ, ಈಸ್ಟ್ ತೆಗೆದುಕೊಳ್ಳುವುದಿಲ್ಲ.

ದಿನ 6ರಿಂದ ಏರ್‌ಲಾಕ್ ಸ್ತಬ್ಧ. ಹುದುಗು ನಿಂತಿತೆಂದು ಇನ್ನೊಂದು ಪೊಟ್ಟಣ ಹಾಕುವವರು ಹಾಕುವುದು ಇಲ್ಲೇ. ಅಳತೆ ನೋಡಿದರೆ 1.036, ಮಾರನೇ ದಿನ 1.028. ಹುದುಗು ನಡೆದೇ ಇದೆ. ಸ್ಯಾಂಪಲ್ ತೆಗೆದು ಮುಚ್ಚುವಾಗ ಮುಚ್ಚಳದ ಒಂದು ಮೂಲೆ ಕೂತಿರಲಿಲ್ಲ, ಅನಿಲ ಅಲ್ಲಿಂದ ಹೋಗುತ್ತಿತ್ತು. ಗುಳ್ಳೆ ಎಣಿಸುವುದಕ್ಕಿಂತ ಹೈಡ್ರೋಮೀಟರ್ ಮೇಲು.

ದಿನ 14, 0.998. ದಿನ 17, ಅದೇ. ಮುಗಿದಿದೆ. 1.085ರಲ್ಲಿ 0.998 ಕಳೆದು 131.25ರಿಂದ ಗುಣಿಸಿದರೆ ಆಲ್ಕೋಹಾಲ್ ಶೇ. 11.4. ಜಾಡಿಗೂ ಬಾಟಲಿಗಳಿಗೂ ಇಳಿಸಿ, 0.9 ಗ್ರಾಂ ಕೆಎಂಎಸ್. ಕೊಳವೆಯ ತುದಿ ಗಷ್ಟಿಗಿಂತ ಎರಡು ಬೆರಳು ಮೇಲಿರಲಿ, ಇನ್ನೊಂದು ತುದಿ ಜಾಡಿಯ ತಳ ಮುಟ್ಟಲಿ. ಮೇಲಿಂದ ಸುರಿದರೆ ಗಾಳಿ ಸೇರಿ ಬಣ್ಣ ಕಂದುತ್ತದೆ. ಸೋಡಾ ಬಾಟಲಿಯ ಮುಚ್ಚಳಗಳಿಗೂ ತೂತು ಕೊರೆದು ಉಳಿದ ಎರಡು ಏರ್‌ಲಾಕ್ ಹಾಕಿದ್ದಾಯಿತು, ಜಾಡಿಗೆ ಬಕೆಟ್ಟಿನದು.

ಆರು ವಾರಕ್ಕೆ ಮತ್ತೊಮ್ಮೆ ಇಳಿಸುವುದು, ಮೂರು ತಿಂಗಳಿಗೆ ಬಾಟಲಿಗೆ ತುಂಬುವುದು. ಬಾಟಲಿ ಗುಜರಿಯಲ್ಲಿ ಸಿಗುತ್ತದೆ; ಸೀಮೆಎಣ್ಣೆ, ಫಿನಾಯಿಲ್ ತುಂಬಿದ್ದವು ಅದರಲ್ಲಿ ಬೆರೆತಿರುತ್ತವೆ, ಒಂದೊಂದನ್ನೂ ಮೂಸಿ ಆರಿಸಿ. ತಿರುಗಿಸುವ ಮುಚ್ಚಳ ಇರುವುದಾದರೆ ಒಳಗಿನ ಬಿಲ್ಲೆ ಹರಿದಿರಬಾರದು. ಸಿಹಿ ಬೇಕೆಂದು ಬಾಟಲಿಗೆ ಸಕ್ಕರೆ ಹಾಕಬೇಡಿ: ಉಳಿದ ಈಸ್ಟ್ ಮತ್ತೆ ಎದ್ದರೆ ಅನಿಲಕ್ಕೆ ಬಾಟಲಿ ಸಿಡಿಯುತ್ತದೆ. ಕುಡಿಯುವ ಹೊತ್ತಿಗೆ ಲೋಟಕ್ಕೆ ಪಾನಕ ಬೆರೆಸಿಕೊಳ್ಳಿ.